ತಟ್ಟೆ ಕಾಣದ ಭಾನುವಾರ

ಪ್ರತಿ ತಿಂಗಳ ಮೊದಲ ಭಾನುವಾರ ನಾನೂ ಮೇಷ್ಟ್ರೂ ಕೆರೆಯೊಳಗೆ ಒಂದು ತಟ್ಟೆ ಇಳಿಬಿಡುತ್ತೇವೆ. ಹನ್ನೊಂದು ವರ್ಷದಿಂದ ಇದು ನಡೆದುಬಂದಿದೆ. ದೂರದಿಂದ ನೋಡಿದವರು ಮೀನು ಹಿಡಿಯುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಇಷ್ಟು ವರ್ಷದಲ್ಲಿ ಪಾಪ, ಒಂದು ಮೀನೂ ಸಿಕ್ಕಿಲ್ಲವಲ್ಲ ಎಂದು ಮರುಗಿದವರೂ ಇದ್ದಾರೆ.

ತಟ್ಟೆ 20 ಸೆಂಟಿಮೀಟರ್ ಅಗಲದ್ದು. ನಾಲ್ಕು ಭಾಗ ಮಾಡಿ ಎರಡಕ್ಕೆ ಕಪ್ಪು, ಎರಡಕ್ಕೆ ಬಿಳಿ ಬಣ್ಣ ಬಳಿದಿದ್ದೇವೆ. ನಡುವೆ ತೂತು, ತೂತಿಗೆ ಹಗ್ಗ, ತೂಕಕ್ಕೆ ಅಡಿಯಲ್ಲೊಂದು ಕಬ್ಬಿಣದ ತುಂಡು. ಹಗ್ಗಕ್ಕೆ 10 ಸೆಂಟಿಮೀಟರಿಗೊಂದು ಗಂಟು. ದೋಣಿಯ ನೆರಳು ಬಿದ್ದ ಕಡೆ ನಿಧಾನಕ್ಕೆ ಇಳಿಸಬೇಕು. ತಟ್ಟೆ ಕಣ್ಣಿಗೆ ಮರೆಯಾದಾಗ ಒಂದು ಗಂಟು ಲೆಕ್ಕ ಹಿಡಿಯಬೇಕು, ಮೇಲೆತ್ತುವಾಗ ಮತ್ತೆ ಕಂಡಾಗ ಇನ್ನೊಂದು. ಎರಡರ ಸರಾಸರಿಯೇ ಆ ದಿನ ನೀರು ಎಷ್ಟು ತಿಳಿಯಾಗಿದೆ ಎಂಬುದರ ಲೆಕ್ಕ. 1865ರಲ್ಲಿ ಆಂಜೆಲೊ ಸೆಕ್ಕಿ ಎಂಬ ಇಟಲಿಯ ಪಾದ್ರಿ ಮೆಡಿಟರೇನಿಯನ್ ಸಮುದ್ರದಲ್ಲಿ ಹಡಗಿನಿಂದ ಹೀಗೇ ತಟ್ಟೆ ಇಳಿಸಿ ನೋಡಿದ್ದ. ಅವನು ಖಗೋಳ ವಿಜ್ಞಾನಿ ಬೇರೆ. ನಕ್ಷತ್ರ ನೋಡುವವನಿಗೆ ನೀರೊಳಗೆ ಇಣುಕುವ ಹುಚ್ಚು ಯಾಕೆ ಹಿಡಿಯಿತೋ. ಆದರೆ ಇವತ್ತಿಗೂ ಕೆರೆಯ ನಾಡಿ ಹಿಡಿದು ನೋಡಲು ಇದಕ್ಕಿಂತ ಸುಲಭದ ಸಾಧನ ಇಲ್ಲ. ನನ್ನಂಥ ಲೆಕ್ಕಪತ್ರ ನೋಡುವವಳೂ ಬಳಸಬಹುದು.

ನಾವು ಮೊದಲ ಸಲ ಇಳಿಸಿದಾಗ ತಟ್ಟೆ 2.8 ಮೀಟರ್ ಆಳದವರೆಗೂ ಕಾಣುತ್ತಿತ್ತು. ಕಳೆದ ತಿಂಗಳು 90 ಸೆಂಟಿಮೀಟರಿಗೇ ಮಾಯ.

"ಇನ್ನೊಂದ್ಸಲ ಇಳಿಸಮ್ಮ," ಅಂದರು ಮೇಷ್ಟ್ರು.

ಇಳಿಸಿದೆ. ಅಷ್ಟೇ ಬಂತು.

"ಪೊರೆ ಬಂದಿದೆಯಲ್ಲ, ಅದಕ್ಕೇ ಇರಬಹುದು."

"ಪೊರೆ ಬಂದಿರೋದು ನಿಮ್ಮ ಕಣ್ಣಿಗೆ ಮೇಷ್ಟ್ರೇ. ನೋಡ್ತಿರೋದು ನಾನು."

ಅವರು ಮಾತಾಡಲಿಲ್ಲ. ನೋಟ್‌ಬುಕ್ಕಿನಲ್ಲಿ 0.9 ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದರು. ನಲವತ್ತು ವರ್ಷ ಗಣಿತ ಕಲಿಸಿದವರು. ತಪ್ಪು ಉತ್ತರ ಬಂದಾಗ ಮಾತ್ರ ಎರಡು ಗೆರೆ ಎಳೆಯುವ ಅಭ್ಯಾಸ ಅವರದು.

ನಾವು ಇಲ್ಲಿಗೆ ಬಂದ ಹೊಸತರಲ್ಲಿ ರಾತ್ರಿ ಹೊತ್ತು ಮನೆ ಹಿಂದೆ ನಿಂತರೆ ದಡದ ಸುತ್ತ ಒಟ್ಟು 34 ದೀಪ ಕಾಣುತ್ತಿದ್ದವು. ಎಣಿಸಿದ್ದೆ, ಸುಳ್ಳಲ್ಲ. ನಮ್ಮದು ಮೊದಲ ಲೇಔಟ್. ನಮ್ಮ ಸಾಲಿನಲ್ಲಿ ಹನ್ನೆರಡು ಮನೆ. ನಾಲ್ಕನೇ ವರ್ಷಕ್ಕೆ ಎದುರು ದಡದಲ್ಲಿ ಎರಡನೇ ಲೇಔಟ್ ಬಂತು. ಆರನೇ ವರ್ಷಕ್ಕೆ ಅದರ ಹಿಂದೆ ಅಪಾರ್ಟ್‌ಮೆಂಟು ಎದ್ದವು. ಈಗ ದಿಬ್ಬದ ಮೇಲಕ್ಕೂ ಹತ್ತಿದೆ. ದೀಪ ಎಣಿಸುವುದನ್ನು ನಾನು 400ಕ್ಕೆ ಬಿಟ್ಟೆ. ರಸ್ತೆ ಸಾಲುತ್ತಿಲ್ಲ, ಶಾಲೆಯಲ್ಲಿ ಜಾಗ ಇಲ್ಲ, ಬೆಳಿಗ್ಗೆ ಎಂಟಕ್ಕೆ ಮುಖ್ಯರಸ್ತೆಗೆ ಸೇರಲು ಅರ್ಧ ಗಂಟೆ. ಇದನ್ನು ಎಲ್ಲರೂ ಹೇಳುತ್ತಾರೆ, ನಾನು ಬೇರೆ ಹೇಳುವುದು ಬೇಡ.

ಹೊಸ ಲೇಔಟಿನ ಬಣ್ಣಬಣ್ಣದ ಪುಸ್ತಿಕೆ ನೋಡಿದಾಗ ಮಾತ್ರ ನಗು ಬಂದಿತ್ತು. ಮುಖಪುಟದಲ್ಲಿ ನೀಲಿ ಕೆರೆ, ಮುಳುಗುವ ಸೂರ್ಯ. ಮೂಲೆಯಲ್ಲಿ ಗಾಳಿಗೆ ಹಾರುತ್ತಿರುವ ಒಂದು ಹಳದಿ ಬೆಡ್‌ಶೀಟ್. ಅದು ನಮ್ಮದು! ನಮ್ಮ ಹಿತ್ತಿಲ ಪಕ್ಕದಲ್ಲೇ ನಿಂತು ಯಾರೋ ಫೋಟೋ ತೆಗೆದಿದ್ದಾರೆ. ನೀರಿಗೆ ನೀಲಿ ಬಣ್ಣ ಕೊಟ್ಟವರಿಗೆ ಬೆಡ್‌ಶೀಟ್ ಅಳಿಸುವುದು ಮರೆತುಹೋಗಿತ್ತು.

ದಿಬ್ಬದ ಮೇಲೆ ಇನ್ನೂ 320 ಮನೆ ಬರುತ್ತವೆ ಎಂದು ತಿಳಿದ ದಿನ ನಿವಾಸಿಗಳ ಸಂಘದ ಸಭೆ ಕರೆದೆವು. ನಾನು ತಯಾರಾಗಿ ಹೋಗಿದ್ದೆ. ಹನ್ನೊಂದು ವರ್ಷದ ಅಳತೆಯನ್ನು ದೊಡ್ಡ ಹಾಳೆಯಲ್ಲಿ ಗೆರೆ ಎಳೆದು ತೋರಿಸಿದೆ. ಮಳೆಯ ಲೆಕ್ಕವನ್ನೂ ಹೇಳಿದೆ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಒಂದು ಮನೆಯ ಸೂರು, ಅಂಗಳದ ಕಾಂಕ್ರೀಟು, ಅದರ ಪಾಲಿನ ರಸ್ತೆ ಎಲ್ಲ ಸೇರಿ 250 ಚದರ ಮೀಟರ್ ಅಂತಿಟ್ಟುಕೊಳ್ಳಿ. 320 ಮನೆಗೆ 80,000 ಚದರ ಮೀಟರ್. 25 ಮಿಲಿಮೀಟರಿನ ಒಂದು ಜೋರು ಮಳೆ ಬಂದರೆ 20 ಲಕ್ಷ ಲೀಟರ್. ಗಿಡಮರ ಇರುವ ನೆಲದಲ್ಲಿ ಬಿದ್ದ ಮಳೆಯ ಹತ್ತರಲ್ಲೊಂದು ಪಾಲಷ್ಟೇ ಮೇಲೆ ಹರಿಯುತ್ತದೆ. ಉಳಿದದ್ದು ಇಂಗುತ್ತದೆ, ಆವಿಯಾಗುತ್ತದೆ. ಅದೇ ನೆಲದ ಬಹುಪಾಲು ಕಾಂಕ್ರೀಟಾದರೆ ಅರ್ಧಕ್ಕಿಂತ ಹೆಚ್ಚು ಹರಿದು ಹೋಗುತ್ತದೆ. ಹನಿಹನಿಗೂಡಿದರೆ ಹಳ್ಳ ಅನ್ನುತ್ತೇವಲ್ಲ, ಅದು ಇಲ್ಲಿ ಗಾದೆಯಲ್ಲ, ಲೆಕ್ಕ. ಇಳಿಜಾರಿನ ಹತ್ತನೇ ಒಂದು ಪಾಲು ನೆಲ ಹೀಗೆ ಮುಚ್ಚಿಹೋದರೂ ಸಾಕು, ಹಳ್ಳತೊರೆಗಳು ಕೆಡಲು ಶುರುವಾಗುತ್ತವೆ ಎಂದು ನೀರಿನ ಬಗ್ಗೆ ಕೆಲಸ ಮಾಡುವವರು ಹೇಳುತ್ತಾರೆ.

ಚಪ್ಪಾಳೆ ಬಂತು. ನನಗೂ ಒಳಗೊಳಗೇ ಖುಷಿ.

ಆಮೇಲೆ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಎದ್ದರು. ಲೇಔಟುಗಳು ಬರುವುದಕ್ಕೆ ಮುಂಚಿನಿಂದ ದಡದಲ್ಲಿರುವವರು. "ನೀನು ಮನೆ ಕಟ್ಟಿದ್ಯಲ್ಲ ಮಗಳೇ, ಅಲ್ಲಿ ಆಳೆತ್ತರ ಜೊಂಡು ಇತ್ತು. ನೀರುಕೋಳಿ ಮೊಟ್ಟೆ ಇಡ್ತಿದ್ವು. ಆಗ ಯಾರೂ ಸಭೆ ಕರೀಲಿಲ್ಲ," ಅಂದರು. ಕೋಪದಿಂದ ಹೇಳಲಿಲ್ಲ. ಸುಮ್ನೆ, ನೆನಪಾಯಿತು ಅನ್ನುವ ಹಾಗೆ ಹೇಳಿ ಕೂತರು.

ನಾನು ಹಾಳೆ ಸುತ್ತಿಕೊಂಡು ಮನೆಗೆ ಬಂದೆ. ಒಂದು ವಾರ ಆ ಮಾತು ತಲೆಯಲ್ಲೇ ಇತ್ತು. ಲೆಕ್ಕ ತಪ್ಪಿರಲಿಲ್ಲ. ಆದರೆ ಖಾತೆಯಲ್ಲಿ ಒಂದು ಹೆಸರು ಬಿಟ್ಟುಹೋಗಿತ್ತು.

ಮುಂದಿನ ಜೋರು ಮಳೆಗೆ ಮೇಷ್ಟ್ರನ್ನು ಕರೆದೆ. "ಕೊಡೆ ತಗೊಳ್ಳಿ. ದಡ ಸುತ್ತೋಣ." ಈ ಮಳೆಯಲ್ಲಾ ಅಂದರು. ಮಳೆಯಲ್ಲೇ ಹೋಗಬೇಕು ಅಂದೆ. ಬಿಸಿಲಿನಲ್ಲಿ ಕೆರೆ ಯಾರ ಮೇಲೂ ಚಾಡಿ ಹೇಳುವುದಿಲ್ಲ. ಮಳೆ ಬಂದಾಗ ಯಾವ ಬಾಯಿಂದ ಏನು ಬರುತ್ತಿದೆ ಎಂಬುದು ನೇರ ಕಾಣುತ್ತದೆ.

ಮೊದಲು ಸಿಕ್ಕಿದ್ದು ದಿಬ್ಬದ ಕೆಳಗಿನ ಹಳ್ಳ. ಮೇಲೆ ಜೆಸಿಬಿ ಕೆಲಸ ಶುರುವಾಗಿತ್ತು. ಮರ ತೆಗೆದು ಮಣ್ಣು ಕೆದಕಿ ಬಿಟ್ಟಿದ್ದರು. ಹಳ್ಳದಲ್ಲಿ ಬರುತ್ತಿದ್ದುದು ನೀರಲ್ಲ, ಕೆಸರು. ಕೆರೆಯೊಳಗೆ ಅದು ಉದ್ದ ನಾಲಿಗೆಯ ಹಾಗೆ ಕಂದು ಬಣ್ಣದಲ್ಲಿ ಚಾಚಿಕೊಂಡಿತ್ತು. ಹೂಳು ತಡೆಯಲು ಹಾಕಿದ್ದ ಬಟ್ಟೆಯ ಬೇಲಿ ಎರಡು ಕಡೆ ಮಗುಚಿ ಬಿದ್ದಿತ್ತು. ಫೋಟೋ ತೆಗೆದೆ. ಇದನ್ನೇ ನೋಡಲು ಬಂದಿದ್ದೆ, ಸಿಕ್ಕಿತು. ವಾಪಸು ಹೋಗಬಹುದಿತ್ತು.

ಮೇಷ್ಟ್ರು ಬಿಡಲಿಲ್ಲ. "ಸುತ್ತೋಣ ಅಂದೆಯಲ್ಲ, ಪೂರ್ತಿ ಸುತ್ತು."

ಎರಡನೇ ಲೇಔಟಿನ ಹತ್ತಿರ ಒಂದು ಹೊಂಡ ಇದೆ. ಅದನ್ನು ನಾವು ಸೊಳ್ಳೆ ಹೊಂಡ ಅಂತ ಆಡಿಕೊಳ್ಳುತ್ತಿದ್ದೆವು. ನೀರು ಮೊದಲು ಅಲ್ಲಿ ಬಂದು ನಿಲ್ಲುತ್ತದೆ, ಕೆಸರು ತಳಕ್ಕೆ ಕೂರುತ್ತದೆ, ಆಮೇಲೆ ಹುಲ್ಲು ಬೆಳೆದ ಅಗಲದ ಕಾಲುವೆಯಲ್ಲಿ ನಿಧಾನವಾಗಿ ಕೆರೆಗೆ ಇಳಿಯುತ್ತದೆ. ಅವರು ಕಟ್ಟುವ ಹೊತ್ತಿಗೆ ನಿಯಮ ಬಿಗಿಯಾಗಿತ್ತು, ಹೊಂಡ ಇಲ್ಲದೆ ಒಪ್ಪಿಗೆ ಸಿಗುತ್ತಿರಲಿಲ್ಲ. ಅಲ್ಲಿಂದ ಬರುತ್ತಿದ್ದ ನೀರು ಚೂರು ಮಬ್ಬು, ಅಷ್ಟೇ.

ಕೊನೆಗೆ ನಮ್ಮ ಸಾಲು ಬಂತು. ಹನ್ನೆರಡು ಮನೆಯ ಹಿಂದೆ ಜೊಂಡಿಲ್ಲ, ಹೊಂಡ ಇಲ್ಲ. ಹುಲ್ಲುಹಾಸು ನೇರ ನೀರಿಗೆ ಇಳಿದಿದೆ. ಕತ್ತರಿಸಿದ ಕಾರ್ಪೆಟ್ಟಿನ ಹಾಗೆ, ನೋಡಲು ಬಲು ಚಂದ. ಬೀದಿಯ ನೀರೆಲ್ಲ ಬಂದು ಸೇರುವ ಒಂದು ದಪ್ಪ ಕೊಳವೆ ನಮ್ಮ ಮನೆ ಪಕ್ಕದಿಂದಲೇ ಕೆರೆಗೆ ಬಾಯಿ ತೆರೆದಿದೆ. ಹನ್ನೊಂದು ವರ್ಷದಿಂದ ಅದರ ಮೇಲೆ ಹೂವಿನ ಕುಂಡ ಇಟ್ಟಿದ್ದೇನೆ. ಕೊಳವೆಯಿಂದ ಬರುತ್ತಿದ್ದ ನೀರು ಕಂದು ಅಲ್ಲ, ಹೆಚ್ಚುಕಡಿಮೆ ತಿಳಿಯಾಗಿಯೇ ಇತ್ತು. ಆದರೆ ಆ ಬಾಯಿಯ ಸುತ್ತ ಹತ್ತು ಹೆಜ್ಜೆಯಷ್ಟು ಜಾಗದಲ್ಲಿ ದಟ್ಟ ಹಸಿರು ಪಾಚಿ. ಇಡೀ ದಡದಲ್ಲಿ ಇನ್ನೆಲ್ಲೂ ಅಷ್ಟಿರಲಿಲ್ಲ.

ಮೇಷ್ಟ್ರು ಕೊಡೆ ಮಡಚಿದರು. ಮಳೆ ನಿಂತಿರಲಿಲ್ಲ.

ಹಸಿರಿಗೆ ಕಾರಣ ರಂಜಕ. ಗೊಬ್ಬರದ ಚೀಲದ ಮೇಲೆ ಮೂರು ಅಂಕಿ ಇರುತ್ತವಲ್ಲ, ಅದರಲ್ಲಿ ನಡುವಿನದು ಇದರದ್ದು. ಮಣ್ಣಿನ ಕಣಕ್ಕೆ ಅಂಟಿಕೊಂಡು ಬರುತ್ತದೆ, ಹುಲ್ಲಿಗೆ ಹಾಕಿದ ಗೊಬ್ಬರದಿಂದ ಬರುತ್ತದೆ, ಸೆಪ್ಟಿಕ್ ಟ್ಯಾಂಕಿನಿಂದ ನಿಧಾನವಾಗಿ ಜಿನುಗುತ್ತದೆ, ಉದುರಿದ ಎಲೆ, ನಾಯಿಯ ಹೇಲು ಯಾವುದನ್ನೂ ಬಿಡುವ ಹಾಗಿಲ್ಲ. ಒಂದು ಕಿಲೋ ರಂಜಕ ಸುಮಾರು 500 ಕಿಲೋ ಹಸಿ ಪಾಚಿ ಬೆಳೆಸಬಲ್ಲದು ಎಂಬ ಲೆಕ್ಕವಿದೆ. ಇದನ್ನು ಕಣ್ಣಿಗೆ ಕಾಣುವ ಹಾಗೆ ತೋರಿಸಿದ ಪ್ರಯೋಗವೊಂದು ಕೆನಡಾದ ಒಂಟಾರಿಯೊದಲ್ಲಿ 1973ರಲ್ಲಿ ಶುರುವಾಯಿತು. ಡೇವಿಡ್ ಶಿಂಡ್ಲರ್ ಮತ್ತು ಜೊತೆಗಾರರು ನಡುವೆ ಸಣ್ಣ ಸೊಂಟವಿರುವ ಒಂದು ಸರೋವರವನ್ನು ಆರಿಸಿಕೊಂಡರು. ಅದಕ್ಕೆ ಹೆಸರೂ ಇಲ್ಲ, ಬರೀ 226 ಎಂಬ ಸಂಖ್ಯೆ. ಸೊಂಟಕ್ಕೆ ಅಡ್ಡಲಾಗಿ ಪ್ಲಾಸ್ಟಿಕ್ ಪರದೆ ಬಿಟ್ಟು ಎರಡು ಪಾಲು ಮಾಡಿದರು. ಎರಡೂ ಕಡೆ ಇಂಗಾಲ, ಸಾರಜನಕ ಸೇರಿಸಿದರು. ಒಂದು ಕಡೆ ಮಾತ್ರ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಪಾಲು ಹಸಿರಾಯಿತು. ಪರದೆಯ ಈಚೆಗಿದ್ದದ್ದು ಹಾಗೇ ಉಳಿಯಿತು. ಮೇಲಿನಿಂದ ತೆಗೆದ ಆ ಫೋಟೋ ನೋಡಿದರೆ ಬೇರೆ ವಾದವೇ ಬೇಡ.

ನನ್ನ ಹುಲ್ಲಿಗೆ ವರ್ಷಕ್ಕೆ ಮೂರು ಸಲ ಗೊಬ್ಬರ ಹಾಕಿಸುತ್ತಿದ್ದೆ. ತಿಂಗಳಿಗೊಮ್ಮೆ ದೋಣಿಯಲ್ಲಿ ಕೂತು ತಟ್ಟೆ ಇಳಿಸಿ, ಅಯ್ಯೋ ಎದುರು ದಡದವರು ಹಾಳು ಮಾಡಿದರು ಎಂದು ನಿಟ್ಟುಸಿರು ಬಿಡುತ್ತಿದ್ದೆ. ಬೆನ್ನ ಹಿಂದೆ ನನ್ನದೇ ಹುಲ್ಲುಹಾಸು.

ಹಾಗಂತ ದಿಬ್ಬದ ಮೇಲೆ ಕಟ್ಟಲಿ ಬಿಡಿ ಅನ್ನುತ್ತಿಲ್ಲ. ಮಗುಚಿದ ಬೇಲಿಯ ಫೋಟೋ ಸಂಬಂಧಪಟ್ಟ ಕಚೇರಿಗೆ ಕೊಟ್ಟೆ. ಮೂರು ಸಲ ಅಲೆದ ಮೇಲೆ ಬೇಲಿ ನೆಟ್ಟಗಾಯಿತು. ಕೆದಕಿದ ಮಣ್ಣಿನ ಮೇಲೆ ಒಣಹುಲ್ಲು ಹರಡಿದರು. ಅದು ಬೇಕೇ ಬೇಕಿತ್ತು. ಆದರೆ "ಬೇಡ" ಎಂಬ ಒಂದೇ ಮಾತಿಗೆ ಜೋತುಬಿದ್ದು ನಾವು ಕೇಳಬೇಕಿದ್ದ ಪ್ರಶ್ನೆಯನ್ನು ಕೇಳಿರಲಿಲ್ಲ. ಎಷ್ಟು ಮನೆ ಅನ್ನುವುದಕ್ಕಿಂತ, ಆ ಮನೆಗಳ ಮೇಲೆ ಬಿದ್ದ ನೀರು ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆ. ಅದನ್ನು ನಮ್ಮ ಮನೆಗಳಿಗೂ ಕೇಳಿರಲಿಲ್ಲ.

ಅಮೆರಿಕದ ಸಿಯಾಟಲ್ ಪಕ್ಕದ ವಾಷಿಂಗ್ಟನ್ ಸರೋವರದ ಕಥೆಯನ್ನು ನಾನು ಓದಿದ್ದು ಈ ಹೊತ್ತಿನಲ್ಲೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದರ ಸುತ್ತ ಹೊಸ ಬಡಾವಣೆಗಳು ಭರದಿಂದ ಎದ್ದವು. ಒಂದೊಂದು ಊರಿನದೂ ಒಂದೊಂದು ಶುದ್ಧೀಕರಣ ಘಟಕ. ಶುದ್ಧವಾದ ಮೇಲೂ ರಂಜಕ ಉಳಿದಿದ್ದ ನೀರು ಸರೋವರಕ್ಕೇ ಬರುತ್ತಿತ್ತು. 1955ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಎಡ್ಮಂಡ್‌ಸನ್ ಅವರ ತಂಡಕ್ಕೆ ನೀರಿನಲ್ಲಿ ಒಸಿಲ್ಲಟೋರಿಯಾ ರುಬೆಸೆನ್ಸ್ ಎಂಬ ಪಾಚಿ ಸಿಕ್ಕಿತು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಸರೋವರ ಕೆಡುವಾಗಲೂ ಇದೇ ಪಾಚಿ ಕಾಣಿಸಿಕೊಂಡಿತ್ತು. ಹಾಗಾಗಿ ಮುಂದೇನಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಕೊಳಚೆ ನೀರನ್ನು ನೋಡಿಕೊಳ್ಳಲು ಸರೋವರದ ಸುತ್ತಲಿನ ಊರುಗಳೆಲ್ಲ ಸೇರಿ ಒಂದೇ ಸಂಸ್ಥೆ ಮಾಡಿಕೊಳ್ಳಬೇಕೇ ಎಂದು 1958ರ ಮಾರ್ಚಿನಲ್ಲಿ ಜನ ಮತ ಹಾಕಿದರು. ಬಿದ್ದುಹೋಯಿತು. ಅದೇ ಸೆಪ್ಟೆಂಬರಿನಲ್ಲಿ ಮತ್ತೆ ಮತಕ್ಕೆ ಹಾಕಿದರು, ಗೆದ್ದಿತು. 1963ರಿಂದ 1968ರೊಳಗೆ ಆ ಕೊಳಚೆ ನೀರನ್ನೆಲ್ಲ ಸರೋವರದಿಂದ ಬೇರೆ ಕಡೆಗೆ ತಿರುಗಿಸಿದರು.

ಅಲ್ಲೂ ಇದೇ ತಟ್ಟೆ ಇಳಿಸುತ್ತಿದ್ದರು. 1964ರಲ್ಲಿ ಅದು ಸುಮಾರು 76 ಸೆಂಟಿಮೀಟರಿಗೆ ಮರೆಯಾಗುತ್ತಿತ್ತು, ನಮ್ಮ 90ಕ್ಕಿಂತ ಕಡಿಮೆ. 1968ಕ್ಕೆ 3 ಮೀಟರ್. 1993ರಲ್ಲಿ 7.6 ಮೀಟರ್. ಇದನ್ನು ಓದಿದಾಗ ರಾತ್ರಿ ಹನ್ನೊಂದು ಗಂಟೆ. ಆಗಲೇ ಮೇಷ್ಟ್ರಿಗೆ ಫೋನ್ ಮಾಡಿದೆ. ಆ ವರ್ಷಗಳಲ್ಲಿ ದಡದ ಸುತ್ತ ಜನ ಕಡಿಮೆಯಾಗಲಿಲ್ಲ, ಹೆಚ್ಚಾದರು. ಮನೆ ಹೆಚ್ಚಾಗುತ್ತಿದ್ದಾಗಲೇ ನೀರು ತಿಳಿಯಾಯಿತು!

"ನೀರನ್ನ ಎಲ್ಲಿಗೆ ತಿರುಗಿಸಿದ್ರು?" ಅಂದರು, ನಿದ್ದೆಗಣ್ಣಿನಲ್ಲೇ.

"ಸಮುದ್ರದ ಕೊಲ್ಲಿಗೆ. ಶುದ್ಧ ಮಾಡಿಯೇ ಬಿಟ್ಟಿದ್ದು."

"ಅಂದ್ರೆ ನಮ್ಮನೆ ಕಸ ಪಕ್ಕದ ಮನೆಗೆ ಗುಡಿಸಿದ ಹಾಗೆ, ಅಲ್ವಾ?"

ಕೊಲ್ಲಿಯಲ್ಲಿ ಉಬ್ಬರ ಇಳಿತ ಇದೆ, ನೀರು ಬೆರೆತು ಹೋಗುತ್ತದೆ ಅಂದೆ. ಹೂಂ ಅಂದರು. ಆ ಹೂಂ ಪೂರ್ತಿ ಒಪ್ಪಿದ್ದಲ್ಲ. ನನಗೂ ಪೂರ್ತಿ ಒಪ್ಪಿಗೆಯಾಗಿಲ್ಲ, ಬಿಡಿ. ಇನ್ನೊಂದು ಮಾತೂ ಇದೆ. ಆ ಸರೋವರ 65 ಮೀಟರ್ ಆಳದ್ದು, ಬೆಟ್ಟದಿಂದ ತಿಳಿ ನೀರು ಬಂದು ಅದನ್ನು ತೊಳೆಯುತ್ತಲೇ ಇರುತ್ತದೆ. ನಮ್ಮದು ಆರು ಮೀಟರಿಗೆ ತಳ ಸಿಗುವ ಕೆರೆ. ಇಂಥ ಕಡೆ ಹಳೆಯ ರಂಜಕ ತಳದ ಹೂಳಿನಲ್ಲಿ ಕೂತಿರುತ್ತದೆ. ಬೇಸಿಗೆಯಲ್ಲಿ ತಳದ ನೀರಿಗೆ ಆಮ್ಲಜನಕ ಕಡಿಮೆಯಾದಾಗ ಅದು ಮತ್ತೆ ಬಿಟ್ಟುಕೊಳ್ಳುತ್ತದೆ. ಇವತ್ತು ಹೊಸ ಸಾಲ ನಿಲ್ಲಿಸಿದರೂ ಹಳೆಯ ಬಡ್ಡಿ ವರ್ಷಗಟ್ಟಲೆ ಕಟ್ಟಬೇಕು. ಅಷ್ಟು ನನಗೆ ಅರ್ಥವಾಗುತ್ತದೆ, ನನ್ನ ಕೆಲಸವೇ ಅದು.

ಮೊದಲು ಗೊಬ್ಬರ ನಿಲ್ಲಿಸಿದೆ. ದಡದಿಂದ ಹತ್ತು ಹೆಜ್ಜೆಯವರೆಗೆ ಹುಲ್ಲು ಕತ್ತರಿಸುವುದನ್ನೂ ನಿಲ್ಲಿಸಿದೆ. ಆ ಅಜ್ಜಿಯ ಹತ್ತಿರ ಹೋಗಿ ಜೊಂಡಿನ ಬೇರು ಕೇಳಿದೆ. ನಕ್ಕರು. ಅವರ ದಡದಿಂದಲೇ ಕಿತ್ತು ಎರಡು ಬಕೆಟ್ ತುಂಬಿ ಕೊಟ್ಟರು. "ಕೊಟ್ಟಿದ್ದಲ್ಲ ಇದು, ವಾಪಸು ಹಾಕಿದ್ದು," ಅಂದರು. ಆರು ತಿಂಗಳು ನಮ್ಮ ಹಿತ್ತಿಲು ಕ್ಷೌರ ಅರ್ಧಕ್ಕೆ ಬಿಟ್ಟ ತಲೆಯ ಹಾಗಿತ್ತು. ಪಕ್ಕದ ಮನೆಯವರು ಹಾವು ಬರುತ್ತೆ ಅಂದರು, ಸೊಳ್ಳೆ ಅಂದರು, ಕೊನೆಗೆ ನಮ್ಮ ಸಾಲಿನ ಅಂದ ಕೆಟ್ಟಿತು ಅಂದರು. ಕೊನೆಯದೇ ನಿಜವಾದ ಕಾರಣ ಅನ್ನಿಸುತ್ತದೆ. ನನ್ನ ಗಂಡನಿಗೂ ಮೊದಮೊದಲು ಇಷ್ಟವಿರಲಿಲ್ಲ. ಈಗ ಬೆಳಿಗ್ಗೆ ಕುರ್ಚಿ ಹಾಕಿಕೊಂಡು ಜೊಂಡಿನ ಕಡೆಗೇ ಮುಖ ಮಾಡಿ ಕೂರುತ್ತಾರೆ. ನೀರುಕೋಳಿ ಬರಲಿ ಎಂದು ಕಾಯುತ್ತಿದ್ದಾರೆ. ಬಂದಿಲ್ಲ. ಒಂದು ಮಿಂಚುಳ್ಳಿ ಮಾತ್ರ ಬಂದು ಕೂರುತ್ತದೆ.

ಕೊಳವೆಯದು ಇನ್ನೂ ಬಗೆಹರಿದಿಲ್ಲ. ನೀರು ಇಂಗಲು ಒಂದು ತಗ್ಗು ಮಾಡಿ, ಕೊಳವೆಯ ಬಾಯಿ ಅದರೊಳಗೆ ತಿರುಗಿಸಬೇಕು. ಅದಕ್ಕೆ ಮೂರು ಮನೆಯವರು ತಮ್ಮ ಹಿತ್ತಿಲಿನಲ್ಲಿ ಚೂರು ಚೂರು ಜಾಗ ಬಿಡಬೇಕು. ಹನ್ನೆರಡರಲ್ಲಿ ಏಳು ಮನೆ ಒಪ್ಪಿದೆ. ಜಾಗ ಬಿಡಬೇಕಾದ ಮೂರರಲ್ಲಿ ಒಪ್ಪಿರುವುದು ನಾವೊಬ್ಬರೇ. ಹೂವಿನ ಕುಂಡ ತೆಗೆದಿದ್ದೇನೆ. ಬಂದುಹೋಗುವವರಿಗೆ ಕೊಳವೆ ಕಾಣಲಿ.

ಈ ತಿಂಗಳ ಭಾನುವಾರ ದೋಣಿಯಲ್ಲಿ ಮೂವರಿದ್ದೆವು. ಎರಡನೇ ಲೇಔಟಿನ ಒಬ್ಬ ಹುಡುಗಿ, ಒಂಬತ್ತು ವರ್ಷದವಳು, ಎಷ್ಟೋ ತಿಂಗಳಿಂದ ದಡದಲ್ಲಿ ನಿಂತು ನಮ್ಮನ್ನು ನೋಡುತ್ತಿದ್ದಳಂತೆ. ಮೀನು ಸಿಕ್ತಾ ಆಂಟಿ ಅಂತ ಕೇಳಿದಳು. ಅಮ್ಮನನ್ನು ಕೇಳಿ ಬಾ ಎಂದು ಕಳಿಸಿ, ಜಾಕೆಟ್ ತೊಡಿಸಿ ಹತ್ತಿಸಿಕೊಂಡೆವು. ಹಗ್ಗ ಅವಳ ಕೈಗೇ ಕೊಟ್ಟೆ. ದೋಣಿಯಂಚಿಗೆ ಗಲ್ಲ ಊರಿ, ಒಂದೊಂದೇ ಗಂಟು ಬಿಡುತ್ತಾ ಎಣಿಸಿದಳು.

"ಕಾಣ್ತಿದೆ... ಕಾಣ್ತಿದೆ... ಇಲ್ಲ. ಹೋಯ್ತು."

"ಈಗ ಮೇಲೆತ್ತು, ಮೆಲ್ಲಗೆ."

"ಬಂತು!"

ಇಳಿಸುವಾಗ 12ನೇ ಗಂಟು, ಎತ್ತುವಾಗ 10ನೆಯದು. ನಾನು ಮೇಷ್ಟ್ರ ಮುಖ ನೋಡಿದೆ. ಅವರು ಆಕಾಶ ನೋಡುತ್ತಿದ್ದರು. ಎರಡು ವಾರದಿಂದ ಮಳೆ ಬಂದಿರಲಿಲ್ಲ. ಅಷ್ಟಕ್ಕೇ ಕೆಸರು ತಳಕ್ಕಿಳಿದಿರಬಹುದು. ಅದು ಅವರಿಗೂ ಗೊತ್ತು, ನನಗೂ ಗೊತ್ತು. ನೋಟ್‌ಬುಕ್ಕನ್ನು ಹುಡುಗಿಯ ತೊಡೆಯ ಮೇಲಿಟ್ಟು ಪೆನ್ಸಿಲ್ ಕೊಟ್ಟರು.

"ಬರಿ ಪುಟ್ಟ, 1.1. ಪಕ್ಕದಲ್ಲಿ ಎರಡು ವಾರ ಮಳೆ ಇಲ್ಲ ಅಂತಾನೂ ಬರಿ."